ಸೂಪರ್‌ವೈಸರ್ ಪರ್ಮಿಟ್ ಹೆಸರಿಗೆ ಮಾತ್ರ ಕೊಡಬಹುದೇ?

ಪ್ರಶ್ನೆ: ಎಲೆಕ್ಟ್ರಿಕಲ್ ಬಿ.ಇ. ಮುಗಿಸಿ ಎರಡು ವರ್ಷಗಳಿಂದ ಒಬ್ಬ ವಿದ್ಯುತ್ ಗುತ್ತಿಗೆದಾರರ ಬಳಿ ಕೆಲಸ ಮಾಡುತ್ತಿದ್ದೇನೆ. ಈಗ ಸೂಪರ್‌ವೈಸರ್ ಪರ್ಮಿಟ್‌ಗೆ ಅರ್ಜಿ ಹಾಕಬೇಕೆಂದಿದ್ದೇನೆ. ಪರ್ಮಿಟ್ ಕೈಗೆ ಬಂದರೆ ಅದನ್ನು ತಮ್ಮ ಲೈಸೆನ್ಸಿಗೆ ಸೇರಿಸಿಕೊಂಡು ತಿಂಗಳಿಗೆ ಇಷ್ಟು ಎಂದು ಹಣ ಕೊಡುತ್ತೇವೆ, ಸೈಟಿಗೆ ಬರುವುದೇ ಬೇಡ ಎಂದು ಬೇರೊಬ್ಬ ಗುತ್ತಿಗೆದಾರರು ಹೇಳುತ್ತಿದ್ದಾರೆ. ಮನೆಯವರು ಕೆ.ಪಿ.ಟಿ.ಸಿ.ಎಲ್. ಪರೀಕ್ಷೆಗೆ ಓದು ಎನ್ನುತ್ತಾರೆ. ಎಂಜಿನಿಯರ್ ಆದವನಿಗೆ ನಿಜವಾಗಿ ಬೇಕಾದ ಲೈಸೆನ್ಸ್ ಯಾವುದು?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿರುವ ಎರಡು ವಿಷಯಗಳಲ್ಲಿ ಲೈಸೆನ್ಸ್ ಯಾವುದೆಂಬ ಮಾತನ್ನು ಮೊದಲು ಮುಗಿಸುತ್ತೇನೆ. ವೈದ್ಯರಿಗೆ, ವಕೀಲರಿಗೆ ಇರುವಂತೆ ಎಂಜಿನಿಯರ್ ಎಂಬ ವೃತ್ತಿಗೇ ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಾನೂನು ಭಾರತದಲ್ಲಿ ಇಲ್ಲ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಕೊಡುವ ಚಾರ್ಟರ್ಡ್ ಎಂಜಿನಿಯರ್ ಎಂಬುದು ಗೌರವದ, ಉಪಯೋಗದ ಅರ್ಹತೆಯೇ ಹೌದು. ಆದರೆ ಅದನ್ನು ತೋರಿಸಿ ಒಂದು ಕಾರ್ಖಾನೆಗೆ ವೈರಿಂಗ್ ಮಾಡಿಸುವ ಅಧಿಕಾರ ಯಾರಿಗೂ ಬರುವುದಿಲ್ಲ. ಕಾನೂನು ಹಿಡಿದಿಟ್ಟಿರುವುದು ವಿದ್ಯುತ್ ಅಳವಡಿಕೆಯ ಕೆಲಸವನ್ನು. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಅಡಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿ, 2023ರಲ್ಲಿ ಹೊಸದಾಗಿ ರೂಪಿಸಿದ ಸುರಕ್ಷತಾ ನಿಯಮಗಳ ಪ್ರಕಾರ, ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಾಯಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟರೆ, ಗ್ರಾಹಕರ ಆವರಣದಲ್ಲಿ ಯಾವ ವಿದ್ಯುತ್ ಕೆಲಸವಾದರೂ ಮೂವರ ಮೂಲಕವೇ ನಡೆಯಬೇಕು: ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರ, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕ, ಪರ್ಮಿಟ್ ಉಳ್ಳ ಕೆಲಸಗಾರ. ನಮ್ಮ ರಾಜ್ಯದಲ್ಲಿ ಇವುಗಳನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ನೀವು ಅರ್ಜಿ ಹಾಕಹೊರಟಿರುವುದು ಈ ಮೂವರಲ್ಲಿ ಎರಡನೆಯ ಸ್ಥಾನಕ್ಕೆ.

ಆ ನಿಯಮದಲ್ಲಿ ಮೇಲ್ವಿಚಾರಕನ ವಿಷಯಕ್ಕೆ ಬಂದಾಗ ಬರೆದಿರುವುದು ‘ನೇರ ಮೇಲ್ವಿಚಾರಣೆಯಲ್ಲಿ’ ಎಂದು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆ ಒಂದು ಪದದಲ್ಲಿಯೇ ಇದೆ. ಸೈಟಿಗೆ ಬಾರದವನ ಮೇಲ್ವಿಚಾರಣೆ ನೇರವೂ ಅಲ್ಲ, ಮೇಲ್ವಿಚಾರಣೆಯೂ ಅಲ್ಲ. ಆ ಹಣವನ್ನು ದಯವಿಟ್ಟು ತೆಗೆದುಕೊಳ್ಳಬೇಡಿ.

ಎಲ್ಲರೂ ಮಾಡುತ್ತಾರಲ್ಲ ಎಂಬ ಮಾತನ್ನು ನೀವು ಈಗಾಗಲೇ ಕೇಳಿರುತ್ತೀರಿ. ಹಾಗೆ ಮಾಡಿದವರು ಕೊನೆಗೆ ಯಾವುದಕ್ಕೆ ಸಹಿ ಹಾಕುತ್ತಾರೆಂದು ನೋಡಿ. ಕೆಲಸ ಮುಗಿದ ಮೇಲೆ ಕೊಡುವ ಕಂಪ್ಲೀಷನ್ ರಿಪೋರ್ಟಿನಲ್ಲಿ ಇನ್ಸುಲೇಷನ್ ರೆಸಿಸ್ಟೆನ್ಸ್ (ತಂತಿಯ ಹೊದಿಕೆ ಕರೆಂಟನ್ನು ತಡೆಯುವ ಶಕ್ತಿ) ಎಷ್ಟು, ಅರ್ಥ್ ರೆಸಿಸ್ಟೆನ್ಸ್ ಎಷ್ಟು ಎಂದು ಅಂಕಿಗಳನ್ನು ತುಂಬಬೇಕು. ಇನ್ಸುಲೇಷನ್ ಅಳೆಯುವ ಉಪಕರಣವಾದ ಮೆಗ್ಗರಿನಿಂದ 500 ವೋಲ್ಟ್ ಡಿ.ಸಿ.ಯನ್ನು ಒಂದು ನಿಮಿಷ ಕೊಟ್ಟಾಗ ಕನಿಷ್ಠ 1 ಮೆಗಾಓಮ್ ಬರಬೇಕೆಂಬುದು ಸಾಮಾನ್ಯ ವೈರಿಂಗಿಗೆ ಇರುವ ಹಳೆಯ, ಎಲ್ಲರೂ ಬಲ್ಲ ಅಳತೆ. ಮೆಗ್ಗರನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯದೆ ಆ ಜಾಗದಲ್ಲಿ ಯಾವುದೋ ಒಂದು ಒಳ್ಳೆಯ ಅಂಕಿ ಬರೆದು ನಿಮ್ಮ ಹೆಸರು ಹಾಕಿದರೆ, ಮಳೆಗಾಲದಲ್ಲಿ ಆ ಕಟ್ಟಡದ ನೀರಿನ ಮೋಟರಿನ ಲೋಹದ ಮೈಗೆ ಕರೆಂಟು ಬಂದ ದಿನ ನೆಲದಲ್ಲಿ ಬಿದ್ದಿರುವುದು ಯಾರದೋ ಮಗು, ಕಾಗದದಲ್ಲಿರುವುದು ನಿಮ್ಮ ಸಹಿ. ಕಾಯ್ದೆಯ 161ನೆಯ ಕಲಮಿನ ಪ್ರಕಾರ ಇಂಥ ಅಪಘಾತವನ್ನು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಲೇಬೇಕು. ತನಿಖೆಯಲ್ಲಿ ಮೊದಲು ತರಿಸುವ ಕಾಗದಗಳಲ್ಲಿ ಆ ರಿಪೋರ್ಟೂ ಒಂದು.

ನನ್ನ ಅನುಭವವೊಂದನ್ನು ಹೇಳಬೇಕೆನಿಸುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು 11 ಕೆ.ವಿ. ಫೀಡರಿನ ಮೇಲೆ ಎಲ್.ಸಿ., ಅಂದರೆ ಕರೆಂಟು ತೆಗೆಸಿ ಕೆಲಸ ಮಾಡುವ ಅನುಮತಿ, ತೆಗೆದುಕೊಂಡಿದ್ದೆವು. ಸ್ಟೇಷನ್ನಿನಲ್ಲಿ ಬ್ರೇಕರ್ ತೆರೆದು, ಬೋರ್ಡು ತಗುಲಿಹಾಕಿ, ಲೈನ್ ಕ್ಲಿಯರ್ ಎಂದು ನಂಬರ್ ಕೊಟ್ಟಾಗಿತ್ತು. ಕಂಬ ಹತ್ತಲು ಹೊರಟ ಲೈನ್‌ಮನ್‌ನನ್ನು ನಮ್ಮ ಸೆಕ್ಷನ್ ಆಫೀಸರ್ ತಡೆದು, ಮೊದಲು ಅರ್ಥ್ ರಾಡ್ ಹಾಕಿ ಎಂದರು. ಲೈನ್ ಸತ್ತಿದೆ, ಮತ್ತೇಕೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರುವಾಗಲೇ ರಾಡ್ ತಂತಿಗೆ ತಗುಲಿ ಚಟ್ಟನೆ ಕಿಡಿ ಹಾರಿತು. ಆಚೆ ಬದಿಯ ಒಂದು ಗಿರಣಿಯವರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಚಾಲೂ ಮಾಡಿದ್ದರು, ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಮೂಲಕ ಕರೆಂಟು ಹಿಂದಕ್ಕೆ ಏರಿ ಬಂದಿತ್ತು. 433 ವೋಲ್ಟನ್ನು ಕೆಳಗಿನಿಂದ ಕೊಟ್ಟರೆ ಮೇಲೆ 11,000 ವೋಲ್ಟ್ ಬರುತ್ತದೆಂಬುದನ್ನು ನಾನು ಕಾಲೇಜಿನಲ್ಲಿ ಲೆಕ್ಕ ಮಾಡಿ ಅಂಕ ಪಡೆದಿದ್ದೆ. ಅದರ ಅರ್ಥ ತಿಳಿದದ್ದು ಆ ಮಧ್ಯಾಹ್ನ. ಇಂದು ಮನೆಮನೆಯ ಛಾವಣಿಯ ಮೇಲೆ ಸೋಲಾರ್ ಬಂದು, ಇನ್ವರ್ಟರುಗಳು ತುಂಬಿರುವಾಗ ಕರೆಂಟು ಎರಡೂ ದಿಕ್ಕಿನಿಂದ ಬರಬಹುದೆಂಬ ಎಚ್ಚರ ಇನ್ನೂ ಹೆಚ್ಚು ಬೇಕು. ತೆರೆಯುವುದು, ಬೀಗ ಹಾಕುವುದು, ಟೆಸ್ಟ್ ಮಾಡುವುದು, ಅರ್ಥ್ ಮಾಡುವುದು, ಆಮೇಲೆ ಕೈ ಹಾಕುವುದು ಎಂಬ ಕ್ರಮವನ್ನು ಸ್ಥಳದಲ್ಲಿ ನಿಂತು ಪಾಲಿಸುವಂತೆ ಮಾಡಲೆಂದೇ ಒಬ್ಬ ಮೇಲ್ವಿಚಾರಕನಿಗೆ ಪರ್ಮಿಟ್ ಕೊಡುವುದು.

ಆದ್ದರಿಂದ ಅರ್ಜಿಯನ್ನು ಹಾಕಿ, ಆದರೆ ನೀವು ನಿಜವಾಗಿ ನಿಂತು ಮಾಡಿಸುವ ಕೆಲಸಕ್ಕೆ. ಅನುಭವದ ಪತ್ರವನ್ನು ಈಗಿನ ಗುತ್ತಿಗೆದಾರರಿಂದಲೇ, ಯಾವ ಕೆಲಸ, ಯಾವ ವೋಲ್ಟೇಜ್, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಪದವಿ, ಡಿಪ್ಲೊಮಾ, ಐ.ಟಿ.ಐ.ಗಳಿಗೆ ತಕ್ಕಂತೆ ಬೇಕಾಗುವ ಅನುಭವದ ಅವಧಿ ಬೇರೆ ಬೇರೆ ಇರುತ್ತದೆ. ಅಲ್ಲಿಯವರೆಗೆ ಒಂದು ನೋಟ್‌ಬುಕ್ಕಿನಲ್ಲಿ ನೀವು ಹಾಕಿಸಿದ ಪ್ರತಿಯೊಂದು ಅರ್ಥ್ ಪಿಟ್ಟಿನ ರೀಡಿಂಗನ್ನು ಬರೆದಿಡಿ. ಬೇಸಿಗೆಯಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ಒಮ್ಮೆ ಅಳೆದು ನೋಡಿ. ಅರ್ಥಿಂಗಿಗೆ ಸಂಬಂಧಿಸಿದ ಐ.ಎಸ್. 3043, ವೈರಿಂಗಿಗೆ ಸಂಬಂಧಿಸಿದ ಐ.ಎಸ್. 732, ಇವೆರಡನ್ನೂ ಆ ರೀಡಿಂಗುಗಳನ್ನು ಎದುರಿಗಿಟ್ಟುಕೊಂಡು ಓದಿ. ಇದಕ್ಕಿಂತ ಒಳ್ಳೆಯ ತಯಾರಿಯನ್ನು ನಾನು ಕಂಡಿಲ್ಲ.

ಕೆ.ಪಿ.ಟಿ.ಸಿ.ಎಲ್. ಕುರಿತು ಮನೆಯವರು ಹೇಳುತ್ತಿರುವುದೂ ಒಳ್ಳೆಯ ಮಾತೇ. ಅಲ್ಲಿಗೆ ಅಥವಾ ಬೆಸ್ಕಾಂನಂಥ ಕಂಪನಿಗಳಿಗೆ ಸೇರಿದರೆ ಲೈನಿನ ಮೇಲೆ ಕೆಲಸ ಮಾಡಲು ಈ ಪರ್ಮಿಟ್ ಬೇಕಿಲ್ಲ. ಆ ಕೆಲಸಕ್ಕೆ ನಿಯೋಜಿತ ವ್ಯಕ್ತಿಯೆಂದು ಸಂಸ್ಥೆಯೇ ನಿಮ್ಮ ಹೆಸರನ್ನು ದಾಖಲಿಸುತ್ತದೆ. ಎನ್.ಟಿ.ಪಿ.ಸಿ., ಪವರ್ ಗ್ರಿಡ್ ಕಡೆ ಮನಸ್ಸಿದ್ದರೆ ಗೇಟ್ ಪರೀಕ್ಷೆಯ ಅಂಕ ಮುಖ್ಯ. ಕೆಲಸ ಯಾವುದೇ ಆಗಲಿ, ಬೆಂಗಳೂರಿನ ಬನಶಂಕರಿಯಲ್ಲಿ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಪವರ್ ಸಿಸ್ಟಮ್ಸ್ ತರಬೇತಿ ಕೇಂದ್ರವಿರುವುದನ್ನು ನೆನಪಿಡಿ.

ಪ್ರಶ್ನೆ: ಮೈಸೂರಿನಲ್ಲಿ ಬಿ.ಇ. ಮಾಡಿ, ನಾಲ್ಕು ವರ್ಷ ಅಲ್ಲಿಯೇ ಸಬ್‌ಸ್ಟೇಷನ್ ಡಿಸೈನ್ ಮಾಡಿ, ಈಗ ಪತಿಯೊಂದಿಗೆ ಅಮೆರಿಕದ ಟೆಕ್ಸಾಸಿಗೆ ಬಂದಿದ್ದೇನೆ. ಇಲ್ಲಿ ಎಲ್ಲರೂ ಪಿ.ಇ. (ಪ್ರೊಫೆಷನಲ್ ಎಂಜಿನಿಯರ್ ಲೈಸೆನ್ಸ್) ಇದೆಯೇ ಎಂದು ಕೇಳುತ್ತಾರೆ. ಊರಿನ ಅನುಭವಕ್ಕೆ ಬೆಲೆ ಇದೆಯೇ, ಮೇಡಂ?
— ಓದುಗರು, ಹ್ಯೂಸ್ಟನ್

ಉತ್ತರ: ಬೆಲೆ ಇದೆ, ಆದರೆ ಅದನ್ನು ಕಾಗದದಲ್ಲಿ ಸಾಬೀತು ಮಾಡಬೇಕು. ಅಲ್ಲಿ ವ್ಯವಸ್ಥೆ ನಮ್ಮದಕ್ಕೆ ತಲೆಕೆಳಗು: ಲೈಸೆನ್ಸ್ ಸಿಗುವುದು ಎಂಜಿನಿಯರ್‌ಗೆ, ಪ್ರತಿ ರಾಜ್ಯವೂ ಪ್ರತ್ಯೇಕವಾಗಿ ಕೊಡುತ್ತದೆ. ಮೊದಲು 110 ಪ್ರಶ್ನೆಗಳ ಎಫ್.ಇ. (ಎಂಜಿನಿಯರಿಂಗಿನ ಮೂಲಪಾಠಗಳ) ಪರೀಕ್ಷೆ, ಸಾಮಾನ್ಯವಾಗಿ ನಾಲ್ಕು ವರ್ಷಗಳ ಅನುಭವ, ಆಮೇಲೆ ವಿದ್ಯುತ್ ವಿಭಾಗದವರಿಗೆಂದೇ ಇರುವ 80 ಪ್ರಶ್ನೆಗಳ ಪವರ್ ಪಿ.ಇ. ಪರೀಕ್ಷೆ. ನಿಮ್ಮ ಪದವಿಯನ್ನು ಈ ಪರೀಕ್ಷೆಗಳನ್ನು ನಡೆಸುವ ಎನ್.ಸಿ.ಇ.ಇ.ಎಸ್. ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕಾಗಬಹುದು. ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳು ಪರಸ್ಪರ ಮಾನ್ಯ ಮಾಡುವ, ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾದರೂ ನಮ್ಮ ಎಲ್ಲ ಕಾಲೇಜುಗಳ ಎಲ್ಲ ಕೋರ್ಸುಗಳೂ ಅದರೊಳಗೆ ಬರುವುದಿಲ್ಲ. ನಿಮ್ಮ ವಿಭಾಗಕ್ಕೆ ನೀವು ಓದಿದ ವರ್ಷಗಳಲ್ಲಿ ಎನ್.ಬಿ.ಎ. (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇತ್ತೇ ಎಂದು ಕಾಲೇಜಿಗೆ ಬರೆದು ಕೇಳಿ. ಮೈಸೂರಿನ ನಾಲ್ಕು ವರ್ಷಗಳ ಕೆಲಸವನ್ನು ಪ್ರಾಜೆಕ್ಟಿನ ಪ್ರಕಾರ ವಿವರಿಸಿ, ಅಂದಿನ ನಿಮ್ಮ ಮೇಲಧಿಕಾರಿಗಳಿಂದ ಈಗಲೇ ದೃಢೀಕರಣ ಪಡೆದುಕೊಳ್ಳಿ, ಏಕೆಂದರೆ ಅವರು ನಿವೃತ್ತರಾದ ಮೇಲೆ ಹುಡುಕುವುದು ಕಷ್ಟ. ವಿದ್ಯುತ್ ಕಂಪನಿಯ ಒಳಗಿನ ಅನೇಕ ಹುದ್ದೆಗಳಿಗೆ ಪಿ.ಇ. ಕಡ್ಡಾಯವಲ್ಲ, ಹೊರಗಿನವರಿಗಾಗಿ ನಕ್ಷೆಗೆ ಮುದ್ರೆ ಒತ್ತಲು ಮಾತ್ರ ಬೇಕೇ ಬೇಕು. ಆದ್ದರಿಂದ ಲೈಸೆನ್ಸಿಗೆ ಕಾಯದೆ ಕೆಲಸ ಹುಡುಕಿ.

ಮೇಲಿನ ದಾವಣಗೆರೆಯ ಓದುಗರಿಗೂ ಸಲ್ಲುವ ಒಂದು ಸಂಗತಿ ಇಲ್ಲಿದೆ. ಅಮೆರಿಕದ ಮೊದಲ ಎಂಜಿನಿಯರ್ ಲೈಸೆನ್ಸ್ ಕಾನೂನು ಬಂದದ್ದು 1907ರಲ್ಲಿ, ವಯೋಮಿಂಗ್ ರಾಜ್ಯದಲ್ಲಿ. ನೀರಿನ ಹಕ್ಕಿಗಾಗಿ ಸಲ್ಲಿಸುವ ನಕ್ಷೆಗಳಿಗೆ ಎಂಜಿನಿಯರ್‌ಗಳೇ ಅಲ್ಲದವರು ಎಂಜಿನಿಯರ್ ಎಂದು ಸಹಿ ಹಾಕುತ್ತಿದ್ದುದೇ ಅದಕ್ಕೆ ಕಾರಣ.

ಪ್ರಶ್ನೆ: ಐ.ಟಿ.ಐ. ಮಾಡಿ ವೈರ್‌ಮನ್ ಪರ್ಮಿಟ್ ಪಡೆದು ಹನ್ನೊಂದು ವರ್ಷವಾಯಿತು. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಎ.ಎಂ.ಐ.ಇ. ಪರೀಕ್ಷೆ ಮಾಡಿ ಎಂಜಿನಿಯರ್ ಆಗಬಹುದೆಂದು ಗೆಳೆಯರು ಹೇಳುತ್ತಾರೆ. ಸರಿಯೇ?
— ಓದುಗರು, ಹಾವೇರಿ

ಉತ್ತರ: ಆ ದಾರಿಯಲ್ಲಿ ಹಣ ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ. 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರ ಎ.ಎಂ.ಐ.ಇ.ಯನ್ನು ಮಾತ್ರ ಕೇಂದ್ರ ಸರ್ಕಾರ ಪದವಿಗೆ ಸಮಾನವೆಂದು ಪರಿಗಣಿಸಿದೆ. ಅದರ ಬದಲು, ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿದೆ. ಡಿಪ್ಲೊಮಾ ಮುಗಿದ ಮೇಲೆ ಡಿ.ಸಿ.ಇ.ಟಿ. (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿ.ಇ.ಯ ಎರಡನೆಯ ವರ್ಷಕ್ಕೂ ಹೋಗಬಹುದು. ಪದವಿಯವರೆಗೆ ಹೋಗಲು ಆಗದಿದ್ದರೂ ಡಿಪ್ಲೊಮಾ ಒಂದಾದರೆ ಸೂಪರ್‌ವೈಸರ್ ಪರ್ಮಿಟ್ಟಿನ ದಾರಿ ಸುಗಮವಾಗುತ್ತದೆ. ಹನ್ನೊಂದು ವರ್ಷ ಕೈಯಾರೆ ಪೈಪು ಹೂತು, ತಂತಿ ಎಳೆದು, ಫಾಲ್ಟ್ ಹುಡುಕಿದವರು ಮೇಲ್ವಿಚಾರಕರಾಗಿ ಸೈಟಿಗೆ ಬರುವುದನ್ನು ನಾನು ತುಂಬಾ ಬಯಸುತ್ತೇನೆ. ಹಳೆಯ ಕೆಲಸಗಳ ಅನುಭವ ಪತ್ರಗಳನ್ನು ಇಂದೇ ಒಂದು ಕಡೆ ಜೋಡಿಸಿಡಿ, ಪರ್ಮಿಟ್ಟಿನ ನವೀಕರಣದ ದಿನಾಂಕ ತಪ್ಪಿಸಬೇಡಿ.