ಕೋವಿ ಕಿತ್ತುಕೊಂಡ ಕಾಯ್ದೆಗೆ ಕೈ ಮುಗಿಯಬೇಕಾ ಮೇಷ್ಟ್ರೇ?

ಮಲೆನಾಡಿನಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅಮೆರಿಕದ ಶಾಲೆಯೊಂದರಲ್ಲಿ ಗುಂಡು ಹಾರಿದ ಸುದ್ದಿ ಓದಿ ಅವರಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. ‘ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಹಿರಿಯರು ಮುಂದಾಲೋಚನೆಯಿಂದ ಬಂದೂಕಿನ ಕಾನೂನು ಮಾಡಿದರು, ಅದಕ್ಕೇ ನಾವು ನೆಮ್ಮದಿಯಾಗಿದ್ದೇವೆ. ಈಗ ಕೊಡವರಿಗಿರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನೂ ರೈತರ ಬೆಳೆರಕ್ಷಣೆ ಕೋವಿಗಳನ್ನೂ ತೆಗೆದುಹಾಕಿದರೆ ಕೆಲಸ ಪೂರ್ತಿಯಾಗುತ್ತದೆ. ನೀವೇನಂತೀರಿ?’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ಆ ಮಕ್ಕಳಿಗಾಗಿ ನೀವು ಪಟ್ಟ ಸಂಕಟ ನನಗೆ ಅರ್ಥವಾಗುತ್ತದೆ. ಮನೆಮನೆಗೂ ಬಂದೂಕು ಬೇಡ ಅನ್ನೋದು ನನ್ನ ಮಾತೂ ಹೌದು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಪ್ರಾಣಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದಲ್ಲ, ಅದು ಒಳ್ಳೆಯದೇ. ಆದರೆ ‘ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಹಿರಿಯರು’ ಅಂದಿರಲ್ಲ, ಅಲ್ಲಿ ತಪ್ಪಿದಿರಿ. ಅದೂ ಇತಿಹಾಸ ಕಲಿಸಿದವರು!

ಹಲಗಲಿಯ ಬೇಡರ ಲಾವಣಿಯನ್ನು ನೀವು ಹತ್ತನೇ ಕ್ಲಾಸಿನ ಮಕ್ಕಳ ಪುಸ್ತಕದಲ್ಲಿ ನೋಡಿಯೇ ಇರುತ್ತೀರಿ. ನಮ್ಮ ಬಂದೂಕು ಕಾನೂನಿನ ಮೊದಲ ಅಧ್ಯಾಯ ಅದು. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ತಿರುಗಿಬಿದ್ದಾಗ, ಜನರ ಕೈಯಲ್ಲಿ ಆಯುಧವೇ ಇರಬಾರದು ಎಂದು ಕಂಪನಿ ಸರ್ಕಾರ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಟೆಯನ್ನೇ ನಂಬಿ ಬದುಕಿದ್ದ ಬೇಡರು ಕೊಡಲ್ಲ ಅಂದರು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ಆ ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೇ ಬೆಂಕಿ ಇಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಜನರ ಎದುರೇ ಗಲ್ಲಿಗೇರಿಸಿದರು. ಅವರು ಯಾರ ಮನೆಯನ್ನೂ ದೋಚಿರಲಿಲ್ಲ. ತಮ್ಮ ಆಯುಧ ತಮ್ಮ ಹತ್ತಿರವೇ ಇರಲಿ ಅಂದಿದ್ದರು, ಅಷ್ಟೇ.

ಎರಡನೇ ಅಧ್ಯಾಯ 1878ರದ್ದು. ವೈಸರಾಯ್ ಲಿಟ್ಟನ್ ಆ ವರ್ಷದ ಮಾರ್ಚ್ ತಿಂಗಳೊಂದರಲ್ಲೇ ಎರಡು ಕಾಯ್ದೆ ತಂದ. ದೇಶೀ ಭಾಷೆಯ ಪತ್ರಿಕೆಗಳ ಬಾಯಿ ಮುಚ್ಚಿಸಲು ಒಂದು, ಜನರ ಕೈ ಕಟ್ಟಿಹಾಕಲು ಇನ್ನೊಂದು. ಪತ್ರಿಕೆ ನಡೆಸುವ ನನಗೆ ಇದನ್ನು ಓದುವಾಗೆಲ್ಲ ಮೈ ಉರಿಯುತ್ತದೆ. ಆ ಆಯುಧ ಕಾಯ್ದೆ ಯಾವುದನ್ನೆಲ್ಲ ಆಯುಧ ಅನ್ನುತ್ತಿತ್ತು ಗೊತ್ತಾ? ಬಂದೂಕು, ಕತ್ತಿ, ಈಟಿ, ಕೊನೆಗೆ ಬಿಲ್ಲು ಬಾಣ ಕೂಡ! ಅದೇ ಹೊತ್ತಿಗೆ ಯುರೋಪಿಯನ್ನರಿಗೆ ನಿಯಮಗಳಲ್ಲೇ ವಿನಾಯಿತಿ. ಅಪರಾಧ ತಡೆಯುವುದೇ ಉದ್ದೇಶವಾಗಿದ್ದರೆ ಚರ್ಮದ ಬಣ್ಣ ಯಾಕೆ ನೋಡಬೇಕಿತ್ತು?

ಪತ್ರಿಕೆಗಳ ಮೇಲಿನ ಕಾಯ್ದೆಯನ್ನು ಮುಂದಿನ ವೈಸರಾಯ್ ರಿಪ್ಪನ್ 1882ರಲ್ಲಿ ತೆಗೆದುಹಾಕಿದ. ಆಯುಧದ್ದು ಹಾಗೇ ಉಳಿಯಿತು. 1918ರಲ್ಲಿ ಗಾಂಧೀಜಿ ಸೈನ್ಯಕ್ಕೆ ಜನ ಸೇರಿಸಲು ಹೊರಟಾಗ ಬರೆದ ಕರಪತ್ರದಲ್ಲಿ, ಬ್ರಿಟಿಷರ ಕೆಟ್ಟ ಕೆಲಸಗಳಲ್ಲೆಲ್ಲ ಇಡೀ ದೇಶದ ಆಯುಧ ಕಿತ್ತುಕೊಂಡ ಕಾಯ್ದೆಯೇ ಅತ್ಯಂತ ಕರಾಳವಾದದ್ದು ಎಂದು ಇತಿಹಾಸ ಹೇಳುತ್ತದೆ ಅಂದರು. ಅಹಿಂಸೆಯ ಗಾಂಧಿ, ಮೇಷ್ಟ್ರೇ! 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವುದು ಪ್ರಜೆಯ ಹಕ್ಕು ಎಂದು ಬರೆದುಕೊಂಡಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ನೆನಪಿಸಿ, ಇದು ಮೂಲಭೂತ ಹಕ್ಕಾಗಲಿ ಎಂದು ಪಟ್ಟುಹಿಡಿದವರು ಎಚ್.ವಿ. ಕಾಮತ್. ಯಾರು ಬೇಕಾದರೂ ಪೇಟೆಗೆ ಹೋಗಿ ಎಂಥ ಆಯುಧವನ್ನಾದರೂ ಕೊಂಡು ತರುವಂತಾದರೆ ಸರ್ಕಾರ ನಡೆಸುವುದು ಹೇಗೆ ಎಂದು ಅಂಬೇಡ್ಕರ್ ಕೇಳಿದರು. ದೇಶ ಆಗಷ್ಟೇ ವಿಭಜನೆಯ ರಕ್ತ ನೋಡಿತ್ತು. ಅವರ ಆತಂಕ ಸರಿಯಾದದ್ದೇ, ಒಪ್ಪುತ್ತೇನೆ. ಆದರೆ ಹೊಸ ಕಾಯ್ದೆ ಬರೆದದ್ದು 1959ರಲ್ಲಿ, ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ಸ್ವತಂತ್ರ ಭಾರತದ ಪ್ರಜೆಯೂ ಲಿಟ್ಟನ್ನನ ಕಾಯ್ದೆಯ ಕೆಳಗೇ ಇದ್ದ. ಒಟ್ಟು 84 ವರ್ಷ!

ಹೊಸದರಲ್ಲಿ ಬಿಲ್ಲು ಬಾಣ ಬಿಟ್ಟರು, ಕತ್ತಿಗೆ ಎಲ್ಲ ಕಡೆ ಲೈಸೆನ್ಸ್ ಬೇಕಿಲ್ಲ ಎಂದರು. ಅಷ್ಟು ಒಳ್ಳೆಯದಾಯಿತು. ಆದರೆ ನೋಡುವ ಕಣ್ಣು ಬದಲಾಗಲಿಲ್ಲ. ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಒಂಟಿ ನಳಿಗೆ ತೋಟಾ ಕೋವಿ ಇತ್ತು. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಹಂದಿಗೆ ಹೆದರಿಸಲು ಗಾಳಿಯಲ್ಲಿ ಒಂದು ಗುಂಡು, ಅದಕ್ಕಿಂತ ಜಾಸ್ತಿ ಏನೂ ಇಲ್ಲ. ಎಲೆಕ್ಷನ್ ಬಂತು ಅಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಠಾಣೆಯವರು ಸುತಳಿಯಲ್ಲಿ ಚೀಟಿ ಕಟ್ಟಿ ಮೂಲೆಯಲ್ಲಿದ್ದ ಇಪ್ಪತ್ತು ಮೂವತ್ತು ಕೋವಿಗಳ ಜೊತೆ ಒರಗಿಸಿದರು. ವಾಪಸ್ ಬಂದದ್ದು ಎರಡೂವರೆ ತಿಂಗಳ ಮೇಲೆ. ನಳಿಗೆಯ ಒಳಗೆ ಬೆರಳು ತೂರಿಸಿ ತೆಗೆದರು, ತುದಿಯಲ್ಲಿ ಕೆಂಪು ತುಕ್ಕು. ಅವರು ಏನೂ ಹೇಳಲಿಲ್ಲ, ಪಂಚೆಗೆ ಒರೆಸಿಕೊಂಡರು. ಆ ವರ್ಷ ಗದ್ದೆಯ ಅರ್ಧ ಪೈರು ಹಂದಿ ಪಾಲಾಗಿತ್ತು.

ಕಳ್ಳಬಂದೂಕು ಇಟ್ಟವನು ಎಲೆಕ್ಷನ್ ಟೈಮಲ್ಲಿ ಠಾಣೆಗೆ ತಂದುಕೊಡುತ್ತಾನಾ? ಕಾಗದಪತ್ರ ಸರಿ ಇಟ್ಟುಕೊಂಡವನೇ ಕ್ಯೂ ನಿಲ್ಲಬೇಕು.

ಇನ್ನು ಕೊಡವರ ವಿಚಾರ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಅದು. ಬ್ರಿಟಿಷರಿಗೆ ತೋರಿದ ನಿಷ್ಠೆಗೆ ಸಿಕ್ಕ ಬಹುಮಾನ ಅನ್ನೋದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯಲ್ಲಿ ಕೋವಿ ಇಟ್ಟು ಹೂ ಸಿಕ್ಕಿಸಿ ಪೂಜೆ ಮಾಡುವ ಜನ ಅವರು. ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವವರು. ಕೇಂದ್ರ ಸರ್ಕಾರ 2019ರಲ್ಲಿ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ನಂಬಿ ಕೊಟ್ಟರೆ ಜನ ಜವಾಬ್ದಾರಿಯಿಂದ ಇಟ್ಟುಕೊಳ್ಳುತ್ತಾರೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ನೂರೈವತ್ತು ವರ್ಷ ಮೀರಿದ ಉದಾಹರಣೆ ಇರುವಾಗ, ಅದನ್ನೂ ಕಿತ್ತುಹಾಕಿ ಅಂತೀರಲ್ಲ!

ನನ್ನ ಬೇಜಾರು ಕೋವಿಯೊಂದರದ್ದಲ್ಲ. 1857ರ ಭಯದಲ್ಲಿ ಆಳುವವರು ಕಟ್ಟಿದ್ದು ಈ ಕಾಯ್ದೆ ಒಂದನ್ನೇ ಅಲ್ಲ. 1861ರ ಪೊಲೀಸ್ ಕಾಯ್ದೆ, 1870ರಲ್ಲಿ ಸೇರಿಸಿದ ರಾಜದ್ರೋಹದ ಕಲಂ, ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರು ಎಂದು ಪಟ್ಟಿಗೆ ಸೇರಿಸಿದ 1871ರ ಕಾಯ್ದೆ, ಎಲ್ಲವೂ ಒಂದೇ ಅಪನಂಬಿಕೆಯ ಮಕ್ಕಳು. ಇವತ್ತಿಗೂ ಪಹಣಿ ತಿದ್ದಿಸಲು ಹೋದ ರೈತ ತಾನು ಕಳ್ಳ ಅಲ್ಲ ಎಂದು ಮೊದಲು ಸಾಬೀತು ಮಾಡಬೇಕು, ಆಮೇಲೆ ಅವನ ಅರ್ಜಿ. ಮೇಜಿನ ಆಚೆ ಕೂತವರ ಆ ನೋಟ ನಿಮಗೂ ಗೊತ್ತು, ಪಿಂಚಣಿ ಕಾಗದಕ್ಕೆ ಓಡಾಡಿದ್ದೀರಲ್ಲ.

ಒಂದು ಕೆಲಸ ಮಾಡಿ ಮೇಷ್ಟ್ರೇ. ಮುಂದಿನ ಎಲೆಕ್ಷನ್ ಹೊತ್ತಿಗೆ ನಿಮ್ಮೂರಿನ ಠಾಣೆಯ ಹತ್ತಿರ ಒಂದು ಗಂಟೆ ನಿಂತು, ಗೋಣಿಚೀಲ ಹಿಡಿದು ಬಂದವರನ್ನು ಮಾತಾಡಿಸಿ. ಯಾವ ಬೆಳೆ, ಎಷ್ಟು ಎಕರೆ, ಕೋವಿ ವಾಪಸ್ ಬರಲು ಎಷ್ಟು ದಿನ ಆಯಿತು ಅಂತ ಕೇಳಿ ಬರೆದು ಕಳಿಸಿ. ಒಂದು ಅಕ್ಷರ ಬಿಡದೆ ಅಚ್ಚು ಹಾಕುತ್ತೇನೆ.

– ಸಂಪಾದಕ