ನಾಣ್ಯ ಸಂಗ್ರಹ: ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಕಳೆದ ವರ್ಷದಿಂದ ಜಾತ್ರೆ, ಸಂತೆಗಳಲ್ಲಿ ಸಿಕ್ಕ ಹಳೆಯ ನಾಣ್ಯಗಳನ್ನೆಲ್ಲ ಕೊಳ್ಳುತ್ತ ಬಂದಿದ್ದೇನೆ. ಈಗ ಸುಮಾರು 300 ಆಗಿವೆ. ಮೊಮ್ಮಗಳಿಗೆ ತೋರಿಸಲು ಕುಳಿತರೆ ಅವುಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ತಿಂಗಳಿಗೆ 2,000 ರೂಪಾಯಿ ತೆಗೆದಿಡಬಲ್ಲೆ. ಮುಂದೆ ಹೇಗೆ ಕೊಳ್ಳಬೇಕು?
— ಓದುಗರೊಬ್ಬರು, ಗದಗ

ಉತ್ತರ: ಮೊದಲ ಮೂರು ತಿಂಗಳು ಏನನ್ನೂ ಕೊಳ್ಳಬೇಡಿ, ಆ 6,000 ರೂಪಾಯಿ ಹಾಗೆಯೇ ಇರಲಿ. ಕೈಯಲ್ಲಿರುವ ನಾಣ್ಯಗಳನ್ನು ಮೌಲ್ಯ, ಇಸವಿ ಮತ್ತು ಟಂಕಸಾಲೆಯ ಗುರುತಿನ ಪ್ರಕಾರ ಬೇರ್ಪಡಿಸಿ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ನಮ್ಮ ನಾಣ್ಯಗಳಲ್ಲಿ ಇಸವಿಯ ಕೆಳಗೆ ಸಣ್ಣ ವಜ್ರಾಕೃತಿ ಇದ್ದರೆ ಅದು ಮುಂಬಯಿಯದು, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತದ್ದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೊಯ್ಡಾದ್ದು. ಈ ಕೆಲಸ ಮುಗಿಯುವಷ್ಟರಲ್ಲಿ ಯಾವ ಕಾಲದ ನಾಣ್ಯಗಳ ಮೇಲೆ ನಿಮಗೆ ಹೆಚ್ಚು ಮನಸ್ಸಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ನಂತರ ಸಂಗ್ರಹಕ್ಕೊಂದು ಎಲ್ಲೆ ಹಾಕಿಕೊಳ್ಳಿ. ನನ್ನನ್ನು ಕೇಳಿದರೆ, ಗಣರಾಜ್ಯದ ಮೊದಲ ಸರಣಿಯಿಂದ ಆರಂಭಿಸಿ ಎನ್ನುತ್ತೇನೆ. 1950ರ ಆಗಸ್ಟ್ 15ರಂದು ಬಿಡುಗಡೆಯಾದ ಈ ಸರಣಿಯಲ್ಲಿ ಏಳು ಮೌಲ್ಯಗಳಿವೆ: ಕುದುರೆಯ ಚಿತ್ರದ ಒಂದು ಪೈಸೆ, ಗೂಳಿಯ ಚಿತ್ರದ ಅರ್ಧಾಣೆ, ಒಂದಾಣೆ ಮತ್ತು ಎರಡಾಣೆ, ತೆನೆಗಳ ಚಿತ್ರದ ಕಾಲು, ಅರ್ಧ ಮತ್ತು ಒಂದು ರೂಪಾಯಿ. ಎಲ್ಲವುಗಳ ಮೇಲೂ ಅಶೋಕನ ಸಿಂಹಶೀರ್ಷವಿದೆ. ಮೊದಲು ಪ್ರತಿ ಮೌಲ್ಯದ ಒಂದೊಂದು ನಾಣ್ಯ ಸೇರಲಿ. ಇಸವಿ, ಟಂಕಸಾಲೆಗಳ ಎಲ್ಲ ಭೇದಗಳನ್ನು ಹುಡುಕುವ ಯೋಚನೆ ಆಮೇಲಿನದು. ಆಲ್ಬಮ್ಮಿನ ಏಳು ಮನೆಗಳಲ್ಲಿ ಎರಡು ಖಾಲಿ ಉಳಿದಾಗ ಆ ಎರಡಕ್ಕಾಗಿ ಹುಡುಕುವ ಕಣ್ಣೇ ಬೇರೆ. ಸಂತೆಯಲ್ಲಿ ರಾಶಿ ಹಾಕಿ ಮಾರುವವನ ಮುಂದೆ ನಿಂತಾಗಲೂ ನಿಮಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂಬುದು ಮೊದಲೇ ಗೊತ್ತಿರುತ್ತದೆ.

ಅದರ ಪಕ್ಕದಲ್ಲಿ 1957ರ ಏಪ್ರಿಲ್ 1ರಿಂದ ಬಂದ ನಯೇ (ಹೊಸ) ಪೈಸೆಗಳನ್ನಿಟ್ಟರೆ ಮೊಮ್ಮಗಳಿಗೆ ಒಂದು ಒಳ್ಳೆಯ ಲೆಕ್ಕ ಸಿಗುತ್ತದೆ. ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾದಾಗ ನಾಲ್ಕಾಣೆ 25 ಪೈಸೆಗೆ ಸರಿಹೊಂದಿತು. ಆದರೆ ಒಂದಾಣೆಗೆ 6.25 ಪೈಸೆ ಎಂದಾಗ ಅಂಗಡಿಕಾರರಿಗೂ ಗಿರಾಕಿಗಳಿಗೂ ಎಷ್ಟು ತೊಡಕಾಗಿರಬೇಕು ಎಂಬುದನ್ನು ಆಕೆಯೇ ಲೆಕ್ಕ ಹಾಕಿ ಹೇಳಲಿ. ‘ನಯಾ’ ಎಂಬ ಪದ 1964ರಲ್ಲಿ ನಾಣ್ಯದಿಂದ ಮರೆಯಾಯಿತು.

ಕೊಳ್ಳುವಾಗ ಸಂಖ್ಯೆಗಿಂತ ಸ್ಥಿತಿಯನ್ನು ನೋಡಿ. ಲಕ್ಷಾಂತರ ಸಂಖ್ಯೆಯಲ್ಲಿ ಅಚ್ಚಾದ ನಾಣ್ಯವು ಸವೆದುಹೋಗಿದ್ದರೆ ಅದನ್ನು ಮುಂದೆ ಯಾರೂ ಕೇಳುವುದಿಲ್ಲ. ಅದೇ ನಾಣ್ಯದ ಅಕ್ಷರ, ಅಂಚು, ಚಿತ್ರದ ಗೆರೆಗಳೆಲ್ಲ ಸ್ಪಷ್ಟವಾಗಿದ್ದರೆ ನಾಲ್ಕು ಪಟ್ಟು ಬೆಲೆ ಕೊಡಬೇಕಾಗಿ ಬಂದರೂ ನಾನು ಅದನ್ನೇ ಆರಿಸುತ್ತೇನೆ. ಪ್ರತಿ ತಿಂಗಳ 2,000 ರೂಪಾಯಿಯನ್ನು ಆ ತಿಂಗಳಲ್ಲೇ ಮುಗಿಸಬೇಕೆಂಬ ನಿಯಮವಿಲ್ಲ; ನಾಲ್ಕು ತಿಂಗಳು ಸುಮ್ಮನಿದ್ದು ಐದನೆಯ ತಿಂಗಳಲ್ಲಿ ಒಂದೇ ಒಂದು ಚೊಕ್ಕ ನಾಣ್ಯ ಕೊಂಡರೂ ಅದು ಒಳ್ಳೆಯ ವರ್ಷವೇ. ಕೊಂಡ ದಿನ, ಬೆಲೆ, ತೂಕ, ಕೊಟ್ಟವರು ಯಾರು ಎಂಬುದು ನೋಟುಪುಸ್ತಕದಲ್ಲಿರಲಿ. ಎರಡೆರಡಿರುವ ನಾಣ್ಯಗಳನ್ನು ಇತರ ಸಂಗ್ರಾಹಕರೊಡನೆ ಬದಲಾಯಿಸಿಕೊಳ್ಳಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಲಕ್ಷ್ಮೀಪೂಜೆಗೆ ಇಡುವ, ವಿಕ್ಟೋರಿಯಾ ರಾಣಿಯ ಮುಖವಿರುವ ಎರಡು ರಾಣಿ ಛಾಪಾ ರೂಪಾಯಿಗಳಿವೆ; ಅವುಗಳಿಂದಲೇ ಬೆಳ್ಳಿ ರೂಪಾಯಿಗಳ ಸಂಗ್ರಹ ಬೆಳೆಸುವ ಆಸೆ. ಸರಾಫರ ಅಂಗಡಿಯಲ್ಲಿ ಕೊಳ್ಳುವುದು ಸರಿಯೆ? ಕಪ್ಪಾದದ್ದನ್ನು ಹುಣಸೆಹುಳಿಯಿಂದ ತೊಳೆಯಬಹುದೆ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ತೊಳೆಯಬೇಡಿ. ಹುಳಿಯಿಂದ ಉಜ್ಜಿದ ಬೆಳ್ಳಿ ದೇವರ ಮುಂದೆ ಹೊಳೆಯಬಹುದು, ಆದರೆ ನಾಣ್ಯದ ಮೂಲ ಮೇಲ್ಮೈ ಹೋದರೆ ಮರಳಿ ಬರುವುದಿಲ್ಲ. ತಿಳಿದ ಸಂಗ್ರಾಹಕರು ಅಂಥದ್ದಕ್ಕೆ ಬೆಲೆ ತಗ್ಗಿಸುತ್ತಾರೆ.

ಸರಾಫರು ಸಾಮಾನ್ಯವಾಗಿ ಬೆಳ್ಳಿಯ ದರವನ್ನು ನೋಡಿ ಬೆಲೆ ಹೇಳುತ್ತಾರೆ. ಸಂಗ್ರಾಹಕರು ಇಸವಿ ಮತ್ತು ಸ್ಥಿತಿಯನ್ನು ನೋಡಿ ಕೊಡುತ್ತಾರೆ. ಈ ಎರಡು ಬೆಲೆಗಳ ನಡುವಿನ ಅಂತರ ತಿಳಿದವರಿಗೆ ಸರಾಫರ ಅಂಗಡಿ ಒಳ್ಳೆಯ ಜಾಗ. 1835ರಿಂದ 1939ರವರೆಗಿನ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. 1940ರಿಂದ 1945ರವರೆಗಿನ ರೂಪಾಯಿಯ ತೂಕ ಅಷ್ಟೇ ಇದ್ದರೂ ಬೆಳ್ಳಿ ಅರ್ಧ ಮಾತ್ರ, 1947ರದು ನಿಕಲ್. ಆದ್ದರಿಂದ ದರ ಕೇಳುವ ಮೊದಲು ಇಸವಿ ಓದಿ.

ಹಳೆಯದೆಲ್ಲ ಅಪರೂಪವೆಂದು ನಂಬಬೇಡಿ. ಟಂಕಸಾಲೆಗಳು 1862 ಎಂಬ ಇಸವಿಯನ್ನೇ ಇಟ್ಟು 1874ರವರೆಗೂ ರೂಪಾಯಿ ಅಚ್ಚುಹಾಕಿದ್ದರಿಂದ ಆ ಇಸವಿಯವು ಧಾರಾಳವಾಗಿ ಸಿಗುತ್ತವೆ. ಅದಕ್ಕಿಂತ ಎಷ್ಟೋ ಹೊಸದಾದ 1911ರ ರೂಪಾಯಿಗೆ ಬೇಡಿಕೆ ಹೆಚ್ಚು: ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪದಿಂದ ಅದನ್ನು ಹಿಂದಕ್ಕೆ ಪಡೆದು, ಆನೆಯ ಚಿತ್ರವನ್ನು ತಿದ್ದಿ ಮತ್ತೆ ಅಚ್ಚುಹಾಕಿದರು. 1939ರ ರೂಪಾಯಿ ಬಹಳ ವಿರಳ, ಅದಕ್ಕೇ ಅದರ ನಕಲೂ ಬಹಳ. ಹಲವು ವರ್ಷಗಳ ಹಿಂದೆ ನಾನು ಒಬ್ಬರಿಂದ ಅಂಥದ್ದೊಂದನ್ನು ಅವಸರದಲ್ಲಿ ಕೊಂಡೆ. ಮನೆಗೆ ಬಂದು ಭೂತಗನ್ನಡಿ ಹಿಡಿದಾಗ ಕೊನೆಯ ಅಂಕಿಯ ಸುತ್ತ ಅರದ ಗೀರುಗಳು ಕಂಡವು. ಅಂದಿನಿಂದ ತಕ್ಕಡಿ ಮತ್ತು ಭೂತಗನ್ನಡಿ ಇಲ್ಲದೆ ಬೆಲೆಬಾಳುವ ನಾಣ್ಯ ಕೊಂಡಿಲ್ಲ. ನೀವೂ ತೂಗಿ, ಅಂಚಿನ ಗೀರುಗಳ ಮೇಲೆ ಜೋಡಣೆಯ ಗೆರೆ ಇದೆಯೇ, ಮೈಮೇಲೆ ಎರಕದ ಸಣ್ಣ ಗುಳಿಗಳಿವೆಯೇ ನೋಡಿ. ನಕಲಿಯಾದರೆ ಹಿಂದಿರುಗಿಸುತ್ತೇವೆಂದು ಬರೆದ ಬಿಲ್ಲನ್ನೂ ಪಡೆಯಿರಿ. ಹರಾಜಿನಲ್ಲಿ ಕೂಗುವುದಾದರೆ ಹರಾಜು ಸಂಸ್ಥೆಯ ಕಮಿಷನ್ ಮತ್ತು ತೆರಿಗೆಯನ್ನು ಸೇರಿಸಿಯೇ ನಿಮ್ಮ ಮಿತಿಯನ್ನು ಮೊದಲು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಪರಿಚಿತರ ಮೂಲಕ ಬಂದ ಒಬ್ಬರು, ಮನೆಯ ಪಾಯ ಅಗೆಯುವಾಗ ವಿಜಯನಗರದ ಚಿನ್ನದ ವರಹಗಳು ಸಿಕ್ಕಿವೆ, ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಒಂದನ್ನು ಅಕ್ಕಸಾಲಿಗರಿಗೆ ತೋರಿಸಿದೆ, ಅದು ಚಿನ್ನವೇ ಆಗಿತ್ತು. ಕೊಳ್ಳಲೆ?
— ವ್ಯಾಪಾರಿ, ಹಾವೇರಿ

ಉತ್ತರ: ಖಂಡಿತ ಬೇಡ. ಪರೀಕ್ಷೆಗೆ ಒಂದು ಅಸಲಿ ನಾಣ್ಯ ಕೊಟ್ಟು, ಹಣ ಕೈಗೆ ಬಂದಾಗ ಹಿತ್ತಾಳೆಯ ಗಂಟು ಒಪ್ಪಿಸಿ ಮಾಯವಾಗುವ ವಂಚನೆ ನಮ್ಮ ಭಾಗದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ನೀವು ಹೇಳಿದ್ದು ಅದೇ ಕಥೆ. ಒಂದು ವೇಳೆ ಎಲ್ಲವೂ ಅಸಲಿಯಾಗಿದ್ದರೂ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನಿನ ಕಡ್ಡಾಯ, ಗುಟ್ಟಾಗಿ ಕೊಂಡವರೂ ಅಪರಾಧಕ್ಕೆ ಸಿಲುಕುತ್ತಾರೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪ್ರಾಚ್ಯವಸ್ತು, ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು.

ಇದರಲ್ಲಿ ನನಗೆ ಹಣಕ್ಕಿಂತ ದೊಡ್ಡದಾಗಿ ಕಾಣುವ ನಷ್ಟ ಇನ್ನೊಂದಿದೆ. ಗದಗ ಜಿಲ್ಲೆಯ ಲಕ್ಕುಂಡಿಯ ಹೆಸರನ್ನೇ ಹೊತ್ತ ಲೊಕ್ಕಿಗದ್ಯಾಣಗಳೆಂಬ ಚಿನ್ನದ ನಾಣ್ಯಗಳು ಒಂದು ಕಾಲದಲ್ಲಿ ಈ ನಾಡಿನಲ್ಲಿ ಚಲಾವಣೆಯಲ್ಲಿದ್ದವು. ಅಂಥ ನಾಣ್ಯ ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ, ಯಾವ ನಾಣ್ಯಗಳ ಜೊತೆ ಸಿಕ್ಕಿತು ಎಂಬ ಮಾಹಿತಿ ಗುಟ್ಟಿನ ಮಾರಾಟದೊಂದಿಗೇ ಅಳಿದುಹೋಗುತ್ತದೆ. ವರಹವೇ ಬೇಕೆಂದಿದ್ದರೆ ಪರವಾನಗಿ ಪಡೆದ ವ್ಯಾಪಾರಿಯಿಂದ ಬಿಲ್ಲಿನೊಡನೆ ಒಂದನ್ನು ಕೊಳ್ಳಿ. ಅದರ ತೂಕ ಸುಮಾರು 3.4 ಗ್ರಾಂ ಇರಬೇಕು. ನಿಮ್ಮ ಬಳಿ ಬಂದವರ ವಿಷಯವನ್ನು ಇಂದೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.