ಬೀಗ ಹಾಕುವ ಮೊದಲು ಆ ಫಿಟ್ಸ್ ನೆನಪಿಸಿಕೊಳ್ಳಿ

ಸೋಮವಾರಪೇಟೆ ಕಡೆಯ ತಂಗೀ,

ನಿಮ್ಮ ಮನೆಯವರಿಗೆ 46 ವರ್ಷ, ಬೆಳಗ್ಗೆ ತೊಂಬತ್ತು ಎಂಎಲ್ ಮದ್ಯ ಬೀಳದೆ ಕೈನಡುಕ ನಿಲ್ಲುವುದಿಲ್ಲ. ಕಾಫಿ ಕುಯ್ಲು ಮುಗಿದ ಮೇಲೆ ಎಂಟು ದಿನ ಗೋಡೌನಿನಲ್ಲಿ ಕೂಡಿಹಾಕಿ ಕುಡಿತ ಬಿಡಿಸೋಣ ಎಂದು ಭಾವ ಹಟ ಹಿಡಿದಿದ್ದಾರೆ. ಒಪ್ಪಲೇ ಎಂದು ಕೇಳಿದ್ದೀರಿ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: “ಹೋದ ವರ್ಷ ಆಣೆ ಹಾಕಿ ಬಿಟ್ಟಿದ್ದರು, ಮಾರನೇ ದಿನ ಫಿಟ್ಸ್ ಬಂತು, ಮತ್ತೆ ಕುಡಿದ ಮೇಲೆ ಸರಿಹೋಯಿತು.”

ಈ ಸಾಲು ಓದಿ ನನಗೆ ಭಯವಾಯಿತು. ವರ್ಷಗಟ್ಟಲೆ ದಿನವೂ ಕುಡಿದವರ ಮೆದುಳಿನಲ್ಲಿ ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸ ಕುಗ್ಗಿರುತ್ತದೆ, ಕೆರಳಿಸುವ ಗ್ಲುಟಮೇಟ್ ಏರಿರುತ್ತದೆ. ತಟ್ಟನೆ ಕುಡಿತ ನಿಂತರೆ ಆ ಕೆರಳುವಿಕೆಯನ್ನು ತಡೆಯುವುದು ಏನೂ ಉಳಿಯುವುದಿಲ್ಲ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಜ್ವರ, ಬೆವರು, ಗೋಡೆ ಮೇಲೆ ಹುಳ ಹರಿದಂತೆ ಕಾಣುವ ಸನ್ನಿ. ಚಿಕಿತ್ಸೆಯಿಲ್ಲದೆ ಜೀವ ಹೋಗುವುದು ಇಲ್ಲೇ. ಒಮ್ಮೆ ಫಿಟ್ಸ್ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು.

ಇದಕ್ಕೆ ಭಾವ “ಮನಸ್ಸು ಗಟ್ಟಿಯಿಲ್ಲ” ಅನ್ನುತ್ತಾರೆ. ಪುತ್ತರಿ ಹಬ್ಬದಲ್ಲಿ ತಮ್ಮನ ಗ್ಲಾಸು ತುಂಬಿಸಿದವರೂ ಅವರೇ ಎಂದು ನೀವೇ ಬರೆದಿದ್ದೀರಿ. ನನಗೆ ಅವರ ಮೇಲೆಯೇ ಸಿಟ್ಟು. ಆಣೆಯಿಂದ ಗಾಬಾ ಸರಿಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ, ಲಿವರ್ ಕೆಟ್ಟಿದ್ದರೆ, ಲೊರಾಜೆಪಾಮ್ ಎಂಬ, ಆ ಕೆರಳುವಿಕೆ ತಣಿಸುವ ಔಷಧಿ ಕೊಟ್ಟು ಸುಮಾರು ಒಂದು ವಾರದಲ್ಲಿ ಅದರ ಪ್ರಮಾಣ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್. ಸುಸ್ತೆಂದು ಯಾರಾದರೂ ಗ್ಲುಕೋಸ್ ಡ್ರಿಪ್ ಏರಿಸಲು ಹೊರಟರೆ “ಇವರು ದಿನಾ ಕುಡಿಯುತ್ತಾರೆ, ಮೊದಲು ಥಯಾಮಿನ್ ಕೊಡಿ” ಎಂದು ಬಾಯಿಬಿಟ್ಟು ಹೇಳಿ. ಈ ವಿಟಮಿನ್ ಬತ್ತಿದ ಮೆದುಳಿಗೆ ಬರೀ ಗ್ಲುಕೋಸ್ ಹೋದರೆ ನೆನಪಿನ ಶಕ್ತಿಯೇ ಕುಸಿಯಬಹುದು. ಆಮೇಲೆ ಲಿವರ್ ಪರೀಕ್ಷೆ ನೋಡಿಕೊಂಡು ಸಾಮಾನ್ಯವಾಗಿ ಕುಡಿತದ ಸೆಳೆತ ತಗ್ಗಿಸಲು ದಿನಕ್ಕೆ 50 ಮಿಲಿಗ್ರಾಂ ನಾಲ್ಟ್ರೆಕ್ಸೋನ್, ಇಲ್ಲವೇ ಅಕಾಂಪ್ರೊಸೇಟ್ ಮಾತ್ರೆ. ಆ ಸೆಳೆತ ತಿಂಗಳುಗಟ್ಟಲೆ ಇರುತ್ತದೆ, ಹಾಗಾಗಿ ಮಾತ್ರೆಯೂ ತಿಂಗಳುಗಟ್ಟಲೆ. ನಡುವೆ ಒಮ್ಮೆ ಕುಡಿದರೆ ಬಯ್ಯದೆ ಮತ್ತೆ ವೈದ್ಯರಲ್ಲಿಗೆ ಹೋಗಿ.

ಇದು ಕಾಯಿಲೆ ಎಂದು ಕಾನೂನಿಗೂ ತಿಳಿದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ಪಟ್ಟಿಗೆ ಸೇರಿಸಿದೆ. ಉಳಿದ ಕಾಯಿಲೆಗಳಂತೆಯೇ ಇವಕ್ಕೂ ವಿಮೆ ಕೊಡಬೇಕು ಎನ್ನುತ್ತದೆ. ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಆದ್ದರಿಂದ ಒಂದೇ ಮಾತು: ವೈದ್ಯರು ನೋಡುವವರೆಗೆ ಬಾಟಲಿ ಕಿತ್ತುಕೊಳ್ಳಬೇಡಿ, ಈ ವಾರವೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದೊಯ್ದು ಆ ಫಿಟ್ಸ್ ವಿಷಯವನ್ನೇ ಮೊದಲು ಹೇಳಿ. ಅದಕ್ಕೂ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ರಾತ್ರಿಯೂ ಎತ್ತುತ್ತಾರೆ. ಮತ್ತೆ ಫಿಟ್ಸ್ ಬಂದರೆ ಕಾಯಬೇಡಿ, 108.